ಇಪ್ಪತ್ತೆರಡಕ್ಕೆ ಏಳು

ಫೋಟೋದಲ್ಲಿ ಲಾರ್ಡ್ಸ್ ಮೈದಾನದ ಬೋರ್ಡಿಗಿಂತ ರಂಗನಾಥನ ಹೊಟ್ಟೆಯೇ ಹೆಚ್ಚು ಕಾಣುತ್ತಿತ್ತು. ಗೋಪಣ್ಣ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ತುದಿಗೆ ತಂದು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಹಿಂದೆ ಹಲಗೆ, ಅದರ ಮೇಲೆ ಸಾಲಾಗಿ ಹೆಸರುಗಳು. ಸಾವಿರದ ಒಂಬೈನೂರ ಎಪ್ಪತ್ತೆರಡನೇ ಇಸವಿ ಇರಬೇಕಾದ ಜಾಗದಲ್ಲಿ ರಂಗನಾಥನ ನೀಲಿ ಕೋಟಿನ ಭುಜ ಬಂದು ಕೂತಿತ್ತು. ಮೊಟ್ಟಮೊದಲ ಟೆಸ್ಟಿನಲ್ಲೇ ಹದಿನಾರು ವಿಕೆಟ್ ಕಿತ್ತ ಆಸ್ಟ್ರೇಲಿಯಾದವನನ್ನು ರಾಯದುರ್ಗದ ಒಂದು ಭುಜ ನುಂಗಿ ಕೂತಿತ್ತು.

“ಬೋರ್ಡ್ ಎಲ್ಲೈತ್ರಿ ಇದ್ರಾಗ?” ಎಂದು ಫೋನು ವಾಪಸು ಕೊಟ್ಟ.

ರಂಗನಾಥನಿಗೆ ಊರಿನಲ್ಲಿ ಮೂರು ಜೀನ್ಸ್ ಹೊಲಿಯುವ ಯೂನಿಟ್ಟುಗಳಿದ್ದವು. ಟೂರ್ ಕಂಪನಿಯವರ ಜೊತೆ ಹನ್ನೆರಡು ದಿನ ಯುರೋಪು ಸುತ್ತಿ ಬಂದಾಗಿನಿಂದ ಅವನ ಮಾತಿಗೆಲ್ಲ ‘ಅಲ್ಲಿ’ ಎಂಬ ಬಾಲ ಹತ್ತಿಕೊಂಡಿತ್ತು. ಅಲ್ಲಿ ಐದು ವಿಕೆಟ್ ತೆಗೆದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾರಂತೆ, ನೂರು ವರ್ಷ ಕಳೆದರೂ ಅಳಿಸುವುದಿಲ್ಲವಂತೆ. ಇದನ್ನು ಅವನು ಯಾರಿಗೆ ಹೇಳುತ್ತಿದ್ದ? ಹದಿನಾಲ್ಕನೇ ವಯಸ್ಸಿನಿಂದ ರೇಡಿಯೋಗೆ ಕಿವಿ ಹಚ್ಚಿ ಮಲಗಿದ್ದ, ಆ ಬೋರ್ಡಿನ ಹೆಸರುಗಳನ್ನು ಮಗ್ಗಿಯ ಹಾಗೆ ಒಪ್ಪಿಸಬಲ್ಲ ಗೋಪಣ್ಣನಿಗೆ. ಜೀನ್ಸಿಗೆ ಗುಂಡಿ ಹೊಲಿಸುವವನು ಬಂದು ತನಗೆ ಲಾರ್ಡ್ಸ್ ಪಾಠ ಹೇಳುವ ಕಾಲ ಬಂತಲ್ಲ ಎಂದು ಗೋಪಣ್ಣ ಚಹಾದ ಲೋಟದೊಳಗೆ ನಕ್ಕ.

ಆದರೂ ಬೋರ್ಡು ಬೇಕಾಗಿತ್ತು. ಕಾಲೇಜು ಮೈದಾನದ ಮೂಲೆಯಲ್ಲಿ ಶೀಟು ಹೊದಿಸಿದ ಒಂದು ಕೋಣೆ, ಮುಂದೆ ಮೂರು ಮೆಟ್ಟಿಲು ಎದ್ದಿದ್ದವು. ಅದಕ್ಕೆ ರಂಗನಾಥ ಪೆವಿಲಿಯನ್ ಎನ್ನುತ್ತಿದ್ದ. ಭಾನುವಾರ ಅದರ ಓಪನಿಂಗು. ಒಳಗೋಡೆಗೆ ಲಾರ್ಡ್ಸ್‌ನಲ್ಲಿ ಇರುವಂಥದೇ ಬೋರ್ಡು. ಬ್ಯಾಟ್ಸ್‌ಮನ್‌ಗಳ ಹೆಸರೂ ಇರಲಿ ಎಂದು ಯಾರೋ ಅಂದಾಗ ಗೋಪಣ್ಣ ಒಪ್ಪಲಿಲ್ಲ. ಬ್ಯಾಟು ಬೀಸುವವರಿಗೆ ಊರ ತುಂಬ ಫ್ಲೆಕ್ಸುಗಳಿವೆ, ಬೆವರು ಸುರಿಸಿದವನಿಗೆ ಒಂದು ಹಲಗೆಯಾದರೂ ಇರಲಿ ಎಂದ. ಮೂವತ್ತೇಳು ವರ್ಷ ಆ ಮೈದಾನದ ಸ್ಕೋರ್ ಬರೆದವನು ಅವನು. ಎಂ.ಆರ್.ಒ. ಎಂದು ಕರೆಯುವ ಕಂದಾಯ ಆಫೀಸಿನ ರೆಕಾರ್ಡ್ ರೂಮಿನಲ್ಲಿ ಪಹಣಿ ಕಾಯ್ದು ರಿಟೈರಾದವನು. ಯಾವ ಬೌಲರ್ ಎಷ್ಟು ವಿಕೆಟ್ ತೆಗೆದ ಎಂಬುದಕ್ಕೆ ಅವನ ಸ್ಕೋರ್‌ಬುಕ್ಕೇ ಕಡೆಯ ಮಾತು ಎಂದು ಕ್ಲಬ್ಬಿನ ಕಮಿಟಿ ತೀರ್ಮಾನ ಮಾಡಿತ್ತು. ತೀರ್ಮಾನ ಮಾಡುವಾಗ ರಂಗನಾಥ ಎಲ್ಲರಿಗಿಂತ ಮೊದಲು ಕೈಯೆತ್ತಿದ್ದ. ಯಾಕೆಂದು ಇವತ್ತು ಗೊತ್ತಾಯಿತು.

“ತೊಂಬತ್ಮೂರರಾಗ ಗುಂತಕಲ್ ರೈಲ್ವೆದವರ ಮ್ಯಾಲೆ ನಂದೊಂದು ಐದು ವಿಕೆಟ್ ಅದಾವಲ್ರಿ ಗೋಪಣ್ಣಾರ,” ಎಂದ ರಂಗನಾಥ, ಏನೋ ಈಗಷ್ಟೇ ನೆನಪಾದವನಂತೆ. “ಮೂವತ್ತೊಂದಕ್ಕ ಐದು.”

“ಮೂರು.”

“ಐದ್ರಿ. ಮಂದಿ ನನ್ನ ಹೆಗಲ ಮ್ಯಾಲೆ ಹೊತ್ಕೊಂಡಿದ್ರು.”

“ಹೆಗಲ ಮ್ಯಾಲೆ ಹೊತ್ತವರಿಗೆ ಆಗ ಭಾರ ಕಡಿಮಿ ಇತ್ತು. ಎರಡು ರನೌಟ್ ಅದಾವ ಅದ್ರಾಗ. ನೀವು ಬಾಲ್ ಹಾಕಿ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ರಿ, ಕವರ್‌ನಾಗಿದ್ದವ ಓಡಿಬಂದು ಒಗದ. ನಿಂತು ನೋಡಿದವರಿಗೂ ವಿಕೆಟ್ ಹಂಚಾಕ ಇದೇನು ರೇಷನ್ ಅಂಗಡಿ ಏನ್ರಿ?”

ಕಾಲೇಜಿನ ಫಿಜಿಕಲ್ ಡೈರೆಕ್ಟರ್ ಪವನ್ ಬಾಯಿಗೆ ಕರ್ಚೀಫು ಅಡ್ಡ ಹಿಡಿದ. ಏಣಿಯ ಮೇಲಿದ್ದ ಪೇಂಟರ್ ಮಾರೇಶ ಬಹಿರಂಗವಾಗಿಯೇ ನಕ್ಕ. ಗೋಪಣ್ಣನಿಗೆ ಅಷ್ಟು ಸಾಲದು. ಕೇಳುವ ಮಂದಿ ಇದ್ದರೆ ಅವನು ಆ ಹಳೇ ಅನಂತಪುರದ ಕತೆ ತೆಗೆಯದೆ ಬಿಡುವವನಲ್ಲ.

ತೊಂಬತ್ತೊಂದರಲ್ಲಿ ಅನಂತಪುರದಲ್ಲಿ ಸ್ಕೋರರುಗಳಿಗೆ ಮೂರು ದಿನದ ಕ್ಲಾಸು ನಡೆದಿತ್ತು. ಅಲ್ಲಿ ಪಾಠ ಮಾಡಿದ ಮೇಷ್ಟ್ರು ಒಂದು ಕತೆ ಹೇಳಿದ್ದರು. ಯಾವುದೋ ಮೂಲೆಯ ಹಳ್ಳಿಯವನೊಬ್ಬ ಜಿಲ್ಲಾ ಸೆಲೆಕ್ಷನ್‌ಗೆ ಬಂದ, ಕೈಯಲ್ಲಿ ಕ್ಲಬ್ಬಿನ ಸೀಲು ಹೊಡೆದ ಚೀಟಿ. ಇಷ್ಟು ವಿಕೆಟ್ ತೆಗೆದಿದ್ದಾನೆ ಎಂದು ಮೇಲೆ ದೊಡ್ಡದಾಗಿ ಬರೆದಿದೆ. ಕೆಳಗೆ ನೋಡಿದರೆ ರನೌಟುಗಳೂ ಅವನ ಲೆಕ್ಕಕ್ಕೇ. ರನೌಟ್ ಬೌಲರಿನದಲ್ಲ ಎಂಬುದು ಆ ಹಳ್ಳಿಗೇ ಗೊತ್ತಿಲ್ಲ. ಅವತ್ತು ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಗೋಪಣ್ಣ. ಆಮೇಲೆ ಮೂವತ್ತು ಮೂವತ್ತೆರಡು ವರ್ಷ ಅದನ್ನು ಹೇಳುತ್ತ ಹೇಳುತ್ತ ಕತೆಗೆ ಮೈಕೈ ತುಂಬಿತ್ತು. ಹಳ್ಳಿಯವನ ತಲೆಗೆ ಟವಲ್ಲು ಸುತ್ತಿದ್ದ, ಊರನ್ನು ಕುಂದುರ್ಪಿಯ ಆಚೆಗೆ ಸಾಗಿಸಿದ್ದ, ವಿಕೆಟ್ಟುಗಳನ್ನು ಒಂಬತ್ತಕ್ಕೆ ಏರಿಸಿದ್ದ. ಈಗಲೂ ಅದನ್ನೆಲ್ಲ ಅಭಿನಯಿಸಿ ತೋರಿಸಿ, ಕೊನೆಗೆ ರಂಗನಾಥನ ಕಡೆ ಕೈ ಮಾಡಿ, ಆ ಪುಣ್ಯಾತ್ಮನ ವಂಶ ನಮ್ಮೂರಲ್ಲೂ ಇದೆ ಅಂತ ಗೊತ್ತಿರಲಿಲ್ಲ ಎಂದ.

ರಂಗನಾಥ ಚಹಾ ಮುಗಿಸಿ ಲೋಟವನ್ನು ಮೆಟ್ಟಿಲ ಮೇಲಿಟ್ಟ. “ಆಯ್ತ್ರಿ. ನಿಮ್ಮ ಮಾತ ಕೊನೀ ಮಾತು. ಆದ್ರ ಎಲ್ಲರಿಗೂ ಒಂದ ಅಳತಿ ಇರ್ಲಿ,” ಎಂದಷ್ಟೇ ಹೇಳಿ ಕಾರು ಹತ್ತಿದ.

ಬೋರ್ಡಿನ ಮೇಲೆ ಆಗಲೇ ಮೊದಲ ಹೆಸರು ಬಂದು ಕೂತಿತ್ತು. ಅದಕ್ಕೆ ಯಾರದೂ ತಕರಾರಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೆಂಟು, ಸಂಕ್ರಾಂತಿ ಕಪ್ ಫೈನಲ್ಲು, ಕೆ. ಎರ್ರಪ್ಪ, ಮಡಕಶಿರ: ಇಪ್ಪತ್ತೆರಡಕ್ಕೆ ಏಳು. ಮಾರೇಶ ಬಂಗಾರದ ಬಣ್ಣವನ್ನು ಎರಡು ಸಲ ಹಚ್ಚಿದ್ದ. ಭಾನುವಾರ ಸನ್ಮಾನವಿದೆ, ಬನ್ನಿ ಎಂದು ಪವನ್ ಆಗಲೇ ಎರ್ರಪ್ಪನಿಗೆ ಫೋನ್ ಮಾಡಿ ಕರೆದಿದ್ದ. ಸ್ಮರಣಸಂಚಿಕೆಗೆ ಆ ಪಂದ್ಯದ ಓವರು, ಮೇಡನ್ ಎಲ್ಲ ಬೇಕು, ಬುಕ್ಕು ನೋಡಿ ಹೇಳಿ ಸಾರ್ ಎಂದು ಪವನ್ ಕೇಳಿಕೊಂಡ. ನೋಡುವುದೇನಿದೆ, ನನ್ನ ಬಾಯಲ್ಲೇ ಇದೆ ಎನ್ನಲು ಹೋಗಿ, ಮೇಡನ್ ಎಷ್ಟೆಂದು ನೆನಪಾಗದೆ, ಗೋಪಣ್ಣ ಸರಿ ಎಂದ.

ಜಗತ್ತಿನಲ್ಲಿ ಗೋಪಣ್ಣ ಕೀಳಾಗಿ ನೋಡದ ಆಟಗಾರ ಒಬ್ಬನಿದ್ದರೆ ಅದು ಈ ಎರ್ರಪ್ಪ. ಅವತ್ತು ತೆಂಗಿನ ನಾರಿನ ಮ್ಯಾಟಿನ ಮೇಲೆ ಅವನ ಬಾಲು ಹಾವು ಹೆಡೆ ಎತ್ತಿದ ಹಾಗೆ ಎದ್ದಿತ್ತು. ಮಡಕಶಿರದ ಪಕ್ಕದ ರತ್ನಗಿರಿಯಲ್ಲಿ ಕುರಿ ಮೇಯಿಸುವ ಹುಡುಗ, ಇಪ್ಪತ್ತೆರಡು ವಯಸ್ಸು, ರಾಯದುರ್ಗದ ಲೆಕ್ಚರರುಗಳು, ಬ್ಯಾಂಕಿನವರು, ವಕೀಲರು ಒಬ್ಬೊಬ್ಬರಾಗಿ ಪ್ಯಾಡು ಎಳೆದುಕೊಂಡು ವಾಪಸಾದರು. ತನ್ನ ಊರಿನವರೇ ಸೋಲುತ್ತಿದ್ದರೂ ಗೋಪಣ್ಣನ ಪೆನ್ನು ಎದುರು ಟೀಮಿನವನಿಗೆ ಮೋಸ ಮಾಡಲಿಲ್ಲ. ಪಂದ್ಯ ಮುಗಿದ ಮೇಲೆ ಮಡಕಶಿರದ ಕ್ಯಾಪ್ಟನ್ ಕೇಳಿದನೆಂದು, ಜಿಲ್ಲಾ ಸೆಲೆಕ್ಷನ್‌ನಲ್ಲಿ ತೋರಿಸಲು ಇಂಗ್ಲಿಷಿನಲ್ಲಿ ಒಂದು ಸರ್ಟಿಫಿಕೇಟು ಬರೆದು ಸೀಲು ಹೊಡೆದುಕೊಟ್ಟಿದ್ದ. ಅಂದಿನ ತನ್ನ ಇಂಗ್ಲಿಷ್ ಬಗ್ಗೆ ಅವನಿಗೆ ಇಂದೂ ಹೆಮ್ಮೆ. ಆದರೆ ಎರ್ರಪ್ಪ ಯಾವ ಜಿಲ್ಲಾ ಟೀಮಿನಲ್ಲೂ ಕಾಣಲಿಲ್ಲ. ಅದಕ್ಕೆ ಗೋಪಣ್ಣನ ಬಳಿ ಸಿದ್ಧ ಉತ್ತರವಿತ್ತು: ಕೈಯಲ್ಲಿ ಅಷ್ಟಿದ್ದರೂ ಕುರಿ ಬಿಟ್ಟು ಬರಲಿಲ್ಲ ಮಹರಾಯ, ಆ ಕಡೆಯವರ ಹಣೆಬರಹವೇ ಅಷ್ಟು, ಅನಂತಪುರದ ಬಸ್ಸು ಹತ್ತುವುದಕ್ಕೂ ಮೈಗಳ್ಳತನ.

ಮನೆಗೆ ಬಂದು ಅಟ್ಟದ ಟ್ರಂಕು ಇಳಿಸಿದ. ಹೆಂಡತಿ ಉಜ್ಜಿನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಈ ಧೂಳು ನನ್ನ ಅಡಿಗೆಮನೀಗೆ ಬಂದರೆ ನಿಮ್ಮನ್ನೂ ರನೌಟ್ ಮಾಡ್ತೀನಿ ಎಂದು ಗೊಣಗಿದಳು. ಎಂಬತ್ತೆಂಟರ ಬುಕ್ಕಿನ ಅಂಚನ್ನು ಗೆದ್ದಲು ಸ್ವಲ್ಪ ರುಚಿ ನೋಡಿತ್ತು, ಒಳಗೆ ಏನೂ ಆಗಿರಲಿಲ್ಲ. ಹದಿನಾಲ್ಕು ಓವರು, ಐದು ಮೇಡನ್. ತನ್ನದೇ ಎಳೇ ವಯಸ್ಸಿನ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಸಂತೋಷದಿಂದ ಬ್ಯಾಟ್ಸ್‌ಮನ್‌ಗಳ ಪಟ್ಟಿಯ ಮೇಲೆ ಬೆರಳಾಡಿಸಿದ. ಬೌಲ್ಡ್ ಎರ್ರಪ್ಪ. ಬೌಲ್ಡ್ ಎರ್ರಪ್ಪ. ರನೌಟ್, ಎರ್ರಪ್ಪ.

ಬೆರಳು ನಿಂತಿತು.

ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಗೋಪಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಮೂರು ರನೌಟು, ಮೂರರ ಮುಂದೆಯೂ ಬೌಲರಿನ ಮನೆಯಲ್ಲಿ ಎರ್ರಪ್ಪನ ಹೆಸರು, ಎಲ್ಲ ಕೂಡಿಸಿ ಕೆಳಗೆ ಏಳು. ಆ ಕಾಲಕ್ಕೆ ಈ ಸೀಮೆಯ ಮೈದಾನಗಳಲ್ಲೆಲ್ಲ ಅದೇ ಪದ್ಧತಿ: ಬಾಲು ಯಾರದೋ ವಿಕೆಟ್ಟೂ ಅವರದೇ. ಅಂಪೈರಾಗಿ ನಿಂತ ಲೆಕ್ಚರರೂ ಹಾಗೇ ಹೇಳುತ್ತಿದ್ದರು, ಗೋಪಣ್ಣನೂ ಹಾಗೇ ಬರೆಯುತ್ತಿದ್ದ. ತೊಂಬತ್ತೊಂದರ ಕ್ಲಾಸಿನಲ್ಲಿ ಸರಿಯಾದ ಕಾನೂನು ಕಲಿತು ಬಂದವನು, ಮೊದಲು ತಾನೇನು ಬರೆಯುತ್ತಿದ್ದೆ ಎಂಬುದನ್ನು ಮರೆತು, ಬಾಕಿಯವರನ್ನು ನೋಡಿ ನಗಲು ಶುರು ಮಾಡಿದ್ದ.

ಏಳರಲ್ಲಿ ಮೂರು ಹೋದರೆ ನಾಲ್ಕು. ಬೋರ್ಡಿಗೆ ಐದು ಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಪುಟ ಮುಚ್ಚುವಾಗ, ಆ ಕ್ಲಾಸಿನ ಮೇಷ್ಟ್ರು ನಿಜವಾಗಿ ಹೇಳಿದ ಮಾತು ಮೂವತ್ತೆರಡು ವರ್ಷದ ಉಪ್ಪುಖಾರವೆಲ್ಲ ಉದುರಿ ಬರಿಮೈಯಲ್ಲಿ ಬಂದು ಎದುರು ನಿಂತಿತು. ಟವಲ್ಲು ತಾನು ಸುತ್ತಿದ್ದು. ಕುಂದುರ್ಪಿ ತಾನು ಹೇಳಿದ್ದು. ಮೇಷ್ಟ್ರು ಒಂಬತ್ತು ಅಂದಿರಲಿಲ್ಲ. ಏಳು ಅಂದಿದ್ದರು, ಏಳರಲ್ಲಿ ಮೂರು ರನೌಟು ಅಂದಿದ್ದರು. ಮೇಲೆ ಕ್ಲಬ್ಬಿನ ಸೀಲು ಬೇರೆ ಎಂದಿದ್ದರು.

ಉಜ್ಜಿನಮ್ಮ ರೊಟ್ಟಿ ತಟ್ಟೆ ತಂದಿಟ್ಟಳು. ಊಟ ಮಾಡದೆ ಕೂತವನನ್ನು ನೋಡಿ, ಯಾರಾದರೂ ಹೋಗಿಬಿಟ್ಟರಾ ಎಂದು ಕೇಳಿದಳು. ಅವನು ಇಲ್ಲ ಎಂದ. ಇನ್ನೂ ಒಂದು ದಿನ ಬುಕ್ಕನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಗುರುವಾರ ಬೆಳಗ್ಗೆ ಇಸ್ತ್ರಿ ಶರ್ಟು ಹಾಕಿ, ಬುಕ್ಕನ್ನು ಚೀಲಕ್ಕೆ ಸೇರಿಸಿ, ಕಲ್ಯಾಣದುರ್ಗದ ಮೊದಲ ಬಸ್ಸು ಹಿಡಿದ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಪಾವಗಡದಲ್ಲಿ ಇನ್ನೊಂದು ಹತ್ತಿ, ಮಡಕಶಿರ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದ ರತ್ನಗಿರಿಗೆ ಮತ್ತೊಂದು ಬಸ್ಸು. ಇದೆಲ್ಲ ಒಂದೇ ಜಿಲ್ಲೆಯಾಗಿದ್ದಾಗ ಅವನು ಒಮ್ಮೆಯೂ ಬಂದಿರಲಿಲ್ಲ, ಜಿಲ್ಲೆ ಎರಡಾದ ಮೇಲೆ ಬಂದಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಪ್ಪಾಯಿತು ಎನ್ನುವ ಮಾತು ಎಲ್ಲಿ ಸೇರಿಸಿದರೂ ಹೊಂದಲಿಲ್ಲ. ಕಾನೂನಿನ ವಿವರದಿಂದ ಶುರು ಮಾಡಿದರೆ ಅದು ತಾನಾಗಿಯೇ ಕೊನೆಗೆ ಬಂದೀತು ಅನ್ನಿಸಿತು.

ಕೋಟೆ ಬೆಟ್ಟದ ಬುಡದಲ್ಲಿ, ರಸ್ತೆ ಪಕ್ಕದ ಜಾಲಿ ಮುಳ್ಳಿನ ಬೇಲಿಯ ಒಳಗೆ, ಎರ್ರಪ್ಪ ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುತ್ತಿದ್ದ. ಕುರಿಯನ್ನು ಎರಡು ಮಂಡಿಗಳ ನಡುವೆ ಅದುಮಿ, ಎಡಗೈಯಲ್ಲಿ ದವಡೆ ಎತ್ತಿ, ಬಲಗೈಯಲ್ಲಿದ್ದ ಪ್ಲಾಸ್ಟಿಕ್ ಸಿರಿಂಜಿನಿಂದ ಗಂಟಲಿಗೆ ಬಿಡುತ್ತಿದ್ದ. ತಲೆ ಪೂರ್ತಿ ನೆರೆತಿತ್ತು, ಮೈ ಮಾತ್ರ ಹುರಿಗಟ್ಟಿದ ಹಗ್ಗದ ಹಾಗೇ ಇತ್ತು. ಅವನ ಹೆಂಡತಿ ಪಾಪಕ್ಕ ಔಷಧಿ ಕುಡಿದ ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಬಳಿದು ಬೇಲಿಯ ಇನ್ನೊಂದು ಮೂಲೆಗೆ ಬಿಡುತ್ತಿದ್ದಳು.

ಬಂದವನು ಯಾರೆಂದು ತಿಳಿದಾಗ ಎರ್ರಪ್ಪ ಕೈಯಲ್ಲಿದ್ದ ಕುರಿ ಬಿಡಲಿಲ್ಲ. ಕಲ್ಲಿನ ಮೇಲೆ ಕೂರಲು ಹೇಳಿದ. ಪಾಪಕ್ಕ ಮಜ್ಜಿಗೆ ತಂದುಕೊಟ್ಟು, ಭಾನುವಾರ ನಾವೇ ಬರುತ್ತಿದ್ದೆವಲ್ಲ, ಸನ್ಮಾನ ಮಾಡೋರು ಮನೆ ಬಾಗಿಲಿಗೇ ಬರೋದನ್ನ ನಾನು ಕೇಳಿಲ್ಲಪ್ಪ ಎಂದು ನಕ್ಕಳು. ಮೊಮ್ಮಗಳು ಹೊಸ ಲಂಗ ತೆಗೆಸಿಕೊಂಡಿದ್ದಾಳೆ ಎಂದೂ ಹೇಳಿದಳು. ಗೋಪಣ್ಣ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ.

ಬುಕ್ಕು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು, ತೊಂಬತ್ತೊಂದರಲ್ಲಿ ಅನಂತಪುರದಲ್ಲಿ ತಾನು ಕಲಿತದ್ದು ಎನ್ನುತ್ತ, ಅವನು ಕ್ಲಾಸು ಶುರು ಮಾಡಿದ. ವಿಕೆಟ್ಟುಗಳಲ್ಲಿ ಎಷ್ಟು ಬಗೆ, ಯಾವುದು ಬೌಲರಿಗೆ ಸಲ್ಲುತ್ತದೆ, ಯಾವುದು ಫೀಲ್ಡರಿಗೆ, ಲಾರ್ಡ್ಸ್‌ನ ಬೋರ್ಡಿನಲ್ಲಿ ಯಾವ ಕಟ್ಟುನಿಟ್ಟು. ಎರ್ರಪ್ಪ ಇನ್ನೆರಡು ಕುರಿಗಳಿಗೆ ಔಷಧಿ ಕುಡಿಸಿದ.

“ಒಟ್ಟು ಏನಂದ್ರ,” ಎಂದ ಗೋಪಣ್ಣ, “ಕಾನೂನಿನ ಪ್ರಕಾರ ರನೌಟ್ ಬೌಲರ್ ಲೆಕ್ಕಕ್ಕ ಬರಂಗಿಲ್ಲ.”

“ಗೊತ್ತು.”

“ಯಾವಾಗ ಗೊತ್ತಾತು?”

“ನಿಮಗಿಂತ ಎರಡು ವರ್ಸ ಮುಂಚೆ.”

ಎರ್ರಪ್ಪ ಸಿರಿಂಜನ್ನು ಬಾಟಲಿಗಿಳಿಸಿ ಎಳೆದುಕೊಳ್ಳುತ್ತ, ಯಾರದೋ ಮನೆಯ ಸಂಗತಿ ಹೇಳುವವನಂತೆ ಹೇಳಿದ. ಎಂಬತ್ತೊಂಬತ್ತರಲ್ಲಿ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಅನಂತಪುರಕ್ಕೆ ಹೋಗಿದ್ದ. ಕ್ಯಾನ್ವಾಸ್ ಬೂಟು ಮಡಕಶಿರದ ಕ್ಯಾಪ್ಟನ್ನಿನದು, ಅವನ ಕಾಲಿಗೆ ದೊಡ್ಡದು, ಮುಂದೆ ಬಟ್ಟೆ ತುರುಕಿದ್ದ. ಸಾಲಿನಲ್ಲಿ ನಿಂತು ಚೀಟಿ ಕೊಟ್ಟ. ಮೇಜಿನ ಹಿಂದಿದ್ದವರು ಅದನ್ನು ಗಟ್ಟಿಯಾಗಿ ಓದಿದರು, ಅಕ್ಕಪಕ್ಕದವರನ್ನು ಕರೆದು ಇನ್ನೊಂದು ಸಲ ಓದಿದರು.

“‘ರನೌಟ್ ಕೂಡಾ ನೀದೇನಾ’ ಅಂದ್ರು, ಅದೂ ನಿಂದೇನಾ ಅಂತ. ಎಲ್ಲಾ ನಕ್ರು. ಇಂಗ್ಲಿಷ್‌ನಾಗೆ ನೀವೇನ್ ಬರ್ದಿದ್ರೋ ನಂಗೇನ್ ಗೊತ್ತು. ಬೂಟ್ ನೋಡಿ ನಗ್ತಾವ್ರೆ ಅಂದ್ಕಂಡೆ. ಬೂಟ್ ಬಿಚ್ಚಿ ಕೈಯಾಗೆ ಇಡ್ಕಂಡೆ. ಇನ್ನೂ ನಕ್ರು.”

ಸೀಲು ಕದ್ದು ಹೊಡೆದಿದ್ದಾನೆ ಎಂದು ಒಬ್ಬರು ಅಂದರಂತೆ. ಒಂದೇ ಒಂದು ಬಾಲು ಹಾಕಿ ತೋರಿಸುತ್ತೇನೆ ಎಂದು ಕೇಳಿಕೊಂಡನಂತೆ. ಹಾಕಿಸಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಾವಗಡದ ಕಾಲೇಜು ಹುಡುಗನೊಬ್ಬ ಚೀಟಿ ಓದಿ, ನಗುವಿಗೆ ಅರ್ಥ ಹೇಳಿದ. ಎರ್ರಪ್ಪ ಕ್ರಿಕೆಟ್ ಬಾಲು ಮತ್ತೆ ಮುಟ್ಟಲಿಲ್ಲ. ಆ ಕತೆ ಆಮೇಲೆ ಎಲ್ಲೆಲ್ಲಿಗೋ ಹೋಗಿ, ರಾಯದುರ್ಗಕ್ಕೆ ಹೆಣ್ಣು ಕೊಟ್ಟವರ ಬಾಯಲ್ಲಿ ತಲೆಗೆ ಟವಲ್ಲು ಸುತ್ತಿಕೊಂಡು ರತ್ನಗಿರಿಗೇ ವಾಪಸು ಬಂದಿತ್ತು. ಅಲ್ಲಿ ಅದನ್ನು ಚೆನ್ನಾಗಿ ಹೇಳುವವರು ಯಾರು ಅಂತಲೂ ಅವನಿಗೆ ತಿಳಿದಿತ್ತು.

ಗೋಪಣ್ಣ ಬುಕ್ಕು ಮುಚ್ಚಿದ. ಅವನ ಬಾಯಿಗೆ ಮೊದಲು ಬಂದದ್ದು ತಪ್ಪಾಯಿತು ಎಂಬ ಮಾತಲ್ಲ.

“ನಡೀರಿ, ಆದದ್ದು ಆತು. ಈ ಬುಕ್ ನನ್ನ ಬಿಟ್ರ ನೋಡೋರಿಲ್ಲ. ನಮ್ಮಿಬ್ಬರ ನಡುವ ಇರ್ಲಿ. ಹೆಸರು ಬೋರ್ಡ್ ಮ್ಯಾಲೆ ಹಂಗ ಇರ್ತದ, ಏಳು ಅಂತನ ಇರ್ತದ. ನಿಮಗ ನಾನು ಅಷ್ಟಾದ್ರೂ ಮಾಡ್ಬೇಕು.”

ಎರ್ರಪ್ಪ ಮೊದಲ ಸಲ ಕುರಿಯನ್ನು ಬಿಟ್ಟು ನೆಟ್ಟಗೆ ನಿಂತ. ಅವನು ನೋಡಿದ ರೀತಿ ಗೋಪಣ್ಣನಿಗೆ ಗುರುತಿತ್ತು. ಫೀಸು ಕಟ್ಟದೆ ಪಹಣಿ ನಕಲು ಕೇಳಲು ಬಂದವರನ್ನು ತಾನು ಆಫೀಸಿನಲ್ಲಿ ಹಾಗೆ ನೋಡುತ್ತಿದ್ದ.

“ರಂಗನಾಥಪ್ಪಂಗೆ ರನೌಟ್ ಕೊಡಾಕಾಗಲ್ಲ ಅಂದ್ರಂತೆ. ಪವನ್ ಸಾರು ಫೋನ್‌ನಾಗೆ ಏಳ್ತಿದ್ರು, ನಕ್ಕಂಡು. ಅವ್ರಿಗಾದ್ರೆ ಆಗಲ್ಲ, ನಂಗಾದ್ರೆ ಆಗ್ತೈತಾ? ನಿಮ್ ಸುಳ್ ಚೀಟಿ ಇಡ್ಕಂಡು ಜನದ ಮುಂದೆ ಇನ್ನೊಂದ್ ಸಲ ನಿಂತ್ಕಬೇಕಾ ನಾನು?”

“ಹಂಗಾದ್ರ ಭಾನುವಾರ ಬರ್ತೀನಿ ಅಂತ ಯಾಕ ಒಪ್ಕೊಂಡ್ರಿ?”

“ನೀವು ಮೈಕ್‌ನಾಗೆ ಏಳು ಅಂತ ಕೂಗ್ತಿದ್ರಲ್ಲ, ಆಗ ಮೈಕ್ ಇಸ್ಕಂಡು ನಾಕು ಅನ್ನಾನ ಅಂತ. ಮೂವತ್ನಾಕು ವರ್ಸ ಕಾದೀನಿ. ಇನ್ ಮೂರ್ ದಿನ ಕಾಯಾಕಾಗ್ದೆ ನೀವೇ ಬಂದ್ಬಿಟ್ರಿ.”

ಪಾಪಕ್ಕ ಬಣ್ಣದ ಡಬ್ಬಿ ಕೆಳಗಿಟ್ಟು ಗಂಡನ ಮುಖ ನೋಡಿದಳು. ಆ ಮಾತು ಅವಳಿಗೂ ಹೊಸದು. ಮೈಕು ಬೇಡ, ಈಗಲೇ ಪವನ್‌ಗೆ ಫೋನ್ ಮಾಡಿ ಹೇಳುತ್ತೇನೆ ಎಂದು ಗೋಪಣ್ಣ ಅಂದ. ಅಂದ ಮೇಲೆ ಮಾಡಲೇಬೇಕಾಯಿತು, ಯಾಕೆಂದರೆ ಇಬ್ಬರೂ ಅವನ ಜೇಬಿನ ಫೋನನ್ನೇ ನೋಡತೊಡಗಿದರು. ಎರ್ರಪ್ಪನ ಹೆಸರು ಅಳಿಸಲು ಮಾರೇಶನಿಗೆ ಹೇಳು, ಅದು ನಾಲ್ಕೇ ವಿಕೆಟ್ಟು, ಮೂರು ರನೌಟು, ಬರೆಯುವಾಗಲೇ ತಪ್ಪಾಗಿದೆ ಎಂದು ಒಂದೇ ಉಸಿರಿಗೆ ಹೇಳಿದ. ಸಾರ್, ಸ್ಪೀಕರ್ ಆನ್ ಇದೆ, ರಂಗನಾಥ್ ಸಾರ್ ಇಲ್ಲೇ ಇದಾರೆ ಎಂದ ಪವನ್, ಕ್ಷೀಣವಾಗಿ.

ಆಮೇಲೆ ಆ ಕಡೆಯಿಂದ ರಂಗನಾಥನ ದನಿ ಬಂತು. ಅವಸರವೇ ಇಲ್ಲದ ದನಿ.

“ಗೋಪಣ್ಣಾರ, ಅನಂತಪುರದ ಚೀಟಿ ಕತಿ ಹೇಳ್ತಿದ್ರಲ್ರಿ. ಆ ಚೀಟಿ ನಿಮ್ದೇನ್ರಿ ಹಂಗಾದ್ರ?”

ಗೋಪಣ್ಣ ಎರ್ರಪ್ಪನ ಕಡೆ ನೋಡಿದ. ಎರ್ರಪ್ಪ ಮುಖ ತಿರುಗಿಸಿ ಬೆಟ್ಟ ನೋಡುತ್ತಿದ್ದ.

“ಹೌದ್ರಿ,” ಎಂದ. “ನಂದ.”

ಅಲ್ಲಿ ಎಷ್ಟು ಜನ ಕೂತಿದ್ದರೋ, ನಗು ಎದ್ದಿತು. ಮಾರೇಶನ ನಗು ಅದರಲ್ಲಿ ಬೇರೆಯಾಗಿಯೇ ಕೇಳಿಸಿತು. ಗೋಪಣ್ಣ ಕೂಡಲೇ ಫೋನು ಇಡಲಿಲ್ಲ, ಯಾಕೆಂದು ಅವನಿಗೇ ತಿಳಿಯದು. ಆ ಪುಟ್ಟ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ನಗು ತಾನಾಗಿ ಆರುವವರೆಗೂ ಹಿಡಿದಿದ್ದ. ಬೇಲಿಯೊಳಗಿನ ಕುರಿಗಳು, ಪಾಪಕ್ಕ, ಎರ್ರಪ್ಪ ಎಲ್ಲರೂ ಕೇಳಿದರು.

“ಬೋರ್ಡ್ ಕೆಲ್ಸ ಮುಗೀತು,” ಎಂದ ಎರ್ರಪ್ಪ. “ಈಗ ನಂಗೊಂದ್ ಚೀಟಿ ಬರ್ಕೊಡಿ.”

“ಯಾವ ಚೀಟಿ?”

“ಅವತ್ ಕೊಡ್ಬೇಕಾಗಿದ್ದಿದ್ದು. ಕನ್ನಡದಾಗೆ ಬರೀರಿ. ನಾನ್ ಓದ್ಬೇಕು.”

ಗೋಪಣ್ಣ ಬುಕ್ಕಿನ ಕೊನೆಯಲ್ಲಿದ್ದ ಖಾಲಿ ಹಾಳೆಯೊಂದನ್ನು ಹರಿದ. ಆ ಬುಕ್ಕಿನಿಂದ ಅವನು ಹರಿದ ಮೊದಲ ಹಾಳೆ ಅದು. ಆಫೀಸಿನಲ್ಲಿ ತೆಲುಗು, ಮೈದಾನದಲ್ಲಿ ಇಂಗ್ಲಿಷು. ಕನ್ನಡದಲ್ಲಿ ಬರೆದು ಎಷ್ಟು ಕಾಲವಾಗಿತ್ತೋ, ಕೈ ಒಂದೆರಡು ಸಲ ತಡೆಯಿತು. ಸಾವಿರದ ಒಂಬೈನೂರ ಎಂಬತ್ತೆಂಟನೇ ಇಸವಿ ಜನವರಿ ಹದಿನಾರರಂದು ರಾಯದುರ್ಗದ ಕಾಲೇಜು ಮೈದಾನದಲ್ಲಿ ಮಡಕಶಿರದ ಎರ್ರಪ್ಪನವರು ಹದಿನಾಲ್ಕು ಓವರು ಹಾಕಿ, ಇಪ್ಪತ್ತೆರಡು ರನ್ನು ಕೊಟ್ಟು, ನಾಲ್ಕು ವಿಕೆಟ್ ಪಡೆದರು ಎಂದು ಬರೆದು ಓದಿ ತೋರಿಸಿದ.

“ನಾಕೂ ಬೌಲ್ಡ್ ಅಂತ ಬರೀರಿ.”

ನಾಲ್ಕೂ ಬೌಲ್ಡ್ ಎಂದು ಬರೆದ. ರನೌಟಾದ ಮೂವರ ಸಂಗತಿ ಬರೆದ.

“ಏಳು ಅಂತ ಬರ್ದಿದ್ದು ಯಾರು ಅಂತಾನೂ ಬರೀರಿ.”

ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೇ ನಿಂತಿತ್ತು. ಹಿಂದೆ ಕೊಟ್ಟ ಚೀಟಿಯಲ್ಲಿ ಏಳು ಎಂದು ಬರೆದದ್ದು ನನ್ನ ತಪ್ಪು, ಅವರದಲ್ಲ ಎಂದು ಬರೆದು, ಗೋಪಣ್ಣ ಪೂರ್ತಿ ಹೆಸರಿನ ಸಹಿ ಹಾಕಿ, ಕೆಳಗೆ ಇವತ್ತಿನ ತಾರೀಖು ಬರೆದ. ಎರ್ರಪ್ಪ ಔಷಧಿಯ ಕೈಯನ್ನು ಲುಂಗಿಗೆ ಒರೆಸಿ, ಆಮೇಲೆ ಟವಲ್ಲಿಗೂ ಒರೆಸಿ, ಹಾಳೆಯನ್ನು ಅಂಚಿನಲ್ಲಿ ಹಿಡಿದು ಇಸಿದುಕೊಂಡ. ಸಂತೋಷ ಅನ್ನಲಿಲ್ಲ, ಊಟಕ್ಕೆ ಏಳಿ ಅನ್ನಲಿಲ್ಲ. ನಾಲ್ಕೂವರೆ ಬಸ್ಸು ತಪ್ಪಿದರೆ ಇನ್ನು ಇಲ್ಲ ಎಂದ.

ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಗೋಪಣ್ಣ ಹತ್ತಿ ಕಿಟಕಿಯ ಪಕ್ಕ ಕೂತ. ಕಂಡಕ್ಟರು ಎಕ್ಕಡಿಕಿ, ಎಲ್ಲಿಗೆ, ಎಂದು ಎರಡು ಸಲ ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಪಾಪಕ್ಕ ಬೇಲಿಯ ಮುಳ್ಳು ಸರಿಸಿದ್ದಳು. ಬೆನ್ನು ಕೆಂಪಾದ ಕುರಿಗಳು ಮೇಯಲು ಹೊರಟು ರಸ್ತೆ ದಾಟುತ್ತಿದ್ದವು. ಅವುಗಳ ನಡುವೆ ಎರ್ರಪ್ಪ ನಿಂತಿದ್ದ. ಕುರಿಗಳು ಅವನ ಎರಡೂ ಮಗ್ಗುಲಿನಿಂದ ಹರಿದು ಮುಂದೆ ಹೋಗುತ್ತಿದ್ದವು, ಅವನು ಅವುಗಳ ಕಡೆ ನೋಡುತ್ತಿರಲಿಲ್ಲ. ಹಾಳೆಯನ್ನು ಬಿಸಿಲಿಗೆ ಹಿಡಿದಿದ್ದ. ತುಟಿಗಳು ಅಲ್ಲಾಡುತ್ತಿದ್ದವು, ತೋರುಬೆರಳು ಅಕ್ಷರಗಳ ಕೆಳಗೆ ಮೆಲ್ಲಗೆ ಸರಿಯುತ್ತ, ನಿಂತು, ಮತ್ತೆ ಸರಿಯುತ್ತಿತ್ತು.